ಬ್ರೇಕ್ ಹಿಡಿಯದ ಲಾರಿ

“ಇನ್ನು ಆ ಡಿಸ್ಕಿನ ಗೋಳು ತಪ್ಪಿತು ನೋಡಮ್ಮ,” ಎಂದ ಮಗ, ಟಿ.ವಿ.ಗೆ ಜೋಡಿಸಿದ ಆಟದ ಮಿಷನ್ ಮುಂದೆ ಮಂಡಿಯೂರಿ ಕೂತು. ಪರದೆಯ ಮೇಲೆ ಹಸಿರು ಪಟ್ಟಿಯೊಂದು ಇಷ್ಟಿಷ್ಟೇ ತುಂಬುತ್ತಿತ್ತು. “ನಿನ್ನ ಲಾರಿ ಆಟ ಡೌನ್‌ಲೋಡ್ ಆಗ್ತಿದೆ. ನನ್ನ ಕಡೆಯಿಂದ ಉಡುಗೊರೆ. ಗೀರು ಬೀಳಲ್ಲ, ಕಳೆದುಹೋಗಲ್ಲ, ಯಾರೂ ಹೊತ್ಕೊಂಡು ತಿರುಗಬೇಕಾಗಿಲ್ಲ.”

ಆಯುಷ್ಯವೆಲ್ಲ ಬಸ್ಸು ಓಡಿಸಿ ಈಗ ಮನೆಯಲ್ಲಿ ಕೂತಿರುವ ಡ್ರೈವರಮ್ಮ ಕುರ್ಚಿಯಿಂದಲೇ ಮುಂದಕ್ಕೆ ಬಾಗಿದಳು. “ಇದನ್ನ ಇನ್ನೊಬ್ರಿಗೆ ಕೊಡಬಹುದೇನೋ?”

“ಅದು ಹೇಗಾಗುತ್ತೆ? ಕೈಯಲ್ಲಿ ಹಿಡಿಯೋ ವಸ್ತುವೇ ಅಲ್ವಲ್ಲ. ಈ ಮಿಷನ್ನಿನದು ಈ ಮಿಷನ್ನಿಗೇ. ಡಿಸ್ಕ್ ನಮ್ಮನೇಲಿ ಇರಲಿ, ನಿನ್ನ ಸೊಸೆ ಅದರಲ್ಲಿ ಆಡ್ಕೊಳ್ತಾಳೆ. ಪಾಪ, ಅವಳಿಗೂ ವಾರವಾರ ಇಲ್ಲಿಗೆ ಓಡಿಬರೋದು ತಪ್ಪಿತು.”

ತಪ್ಪಿತಂತೆ! ಎಷ್ಟು ಸಲೀಸಾಗಿ ಅಂದುಬಿಟ್ಟ ಪುಣ್ಯಾತ್ಮ! ಡ್ರೈವರಮ್ಮ ಬಾಯಲ್ಲಿ ಮಾತ್ರ “ಒಳ್ಳೇದಾಯ್ತು ಬಿಡಪ್ಪ” ಎಂದಳು. ಮಗ ಖುಷಿಯಿಂದ ಹೊರಟುಹೋದ.

ವಿಷಯ ಇಷ್ಟೇ. ಅತ್ತೆಗೂ ಸೊಸೆಗೂ ಆ ಲಾರಿ ಓಡಿಸುವ ಆಟವೆಂದರೆ ಹುಚ್ಚು. ಇದ್ದದ್ದು ಒಂದೇ ಡಿಸ್ಕು. ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ. ಮಗ-ಸೊಸೆ ಬೇರೆ ಮನೆ ಮಾಡಿದ ದಿನ ಈ ಮಹಾತಾಯಿ ಬಾಗಿಲಲ್ಲಿ ನಿಂತು, “ನಿಮ್ಮ ಪಾಡಿಗೆ ನೀವು ಸುಖವಾಗಿರಿ. ಬನ್ನಿ ಬನ್ನಿ ಅಂತ ಪೀಡಿಸೋಳು ನಾನಲ್ಲ” ಎಂದು ಠೀವಿಯಿಂದ ಹೇಳಿಬಿಟ್ಟಿದ್ದಳು. ಆಡಿದ ಮಾತನ್ನು ನುಂಗುವ ಪೈಕಿಯವಳಲ್ಲ. ಹಾಗಾಗಿ ಅವತ್ತಿನಿಂದ “ಬಾ” ಎಂದವಳಲ್ಲ, “ಡಿಸ್ಕ್ ತಾ” ಅನ್ನುತ್ತಿದ್ದಳು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಸೊಸೆ ಭಾನುವಾರ ಸಂಜೆ ಅದನ್ನು ಕೊಡುವುದಕ್ಕೋ ಒಯ್ಯುವುದಕ್ಕೋ ಬರುತ್ತಿದ್ದಳು. ಒಂದು ಡಿಸ್ಕ್ ಕೈ ಬದಲಾಯಿಸಲು ಎಷ್ಟು ಹೊತ್ತು ಬೇಕು? ಇವರಿಗೆ ಕತ್ತಲಾದರೂ ಸಾಲದು. ವಾರ್ಡಿನ ಹಿರಿಯ ನರ್ಸಿನ ಗತ್ತು, ಬಾಡಿಗೆ ಮನೆಯ ಸೋರುವ ನಲ್ಲಿ, ಗಂಡನ ಗೊರಕೆ, ಒಂದೇ ಎರಡೇ! ಗೊರಕೆಯ ವಿಷಯದಲ್ಲಿ ಅತ್ತೆ ಯಾವತ್ತೂ ಸೊಸೆಯ ಪಕ್ಷ. “ಅವನಪ್ಪನೂ ಹಾಗೇ ಕಣೇ, ಇಂಜಿನ್ ಆಫ್ ಮಾಡದೆ ಮಲಗೋರು” ಎಂದು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಭಾನುವಾರ ಬಂತು. ಡ್ರೈವರಮ್ಮ ಹೊಸ ಆಟ ಹಾಕಿದಳು. ಲಾರಿಯೇನೋ ಥಳಥಳ ಹೊಳೆಯುತ್ತಿತ್ತು. ಕಣ್ಣು ರಸ್ತೆಯ ಮೇಲಿದ್ದರೂ ಕಿವಿ ಮಾತ್ರ ಬಾಗಿಲ ಕಡೆಗೇ. ಕಿಟಕಿಯಲ್ಲಿ ಇಣುಕಿದಳು, ಬಂದು ಕೂತಳು, ಮತ್ತೆ ಇಣುಕಿದಳು. ಸೊಸೆ ಬೇಕಾಗಿದ್ದಳು, ಬೇರೇನಲ್ಲ. ಕೊನೆಗೆ ಫೋನು ಕೈಗೆತ್ತಿಕೊಂಡಳು.

“ಏನಮ್ಮಾ, ಆ ಡೌನ್‌ಲೋಡ್ ಲಾರಿ ಯಾಕೋ ಸರಿ ಇಲ್ಲ.”

“ಹೌದಾ? ಏನಾಯ್ತತ್ತೆ?”

ಸುಳ್ಳಿಗೆ ಅಭ್ಯಾಸವಿಲ್ಲದ ನಾಲಿಗೆ ತಡವರಿಸಿತು. “ಅದೂ... ಬ್ರೇಕೇ ಹಿಡಿಯಲ್ಲ ಕಣೇ.”

“ಅಯ್ಯಯ್ಯೋ! ಬ್ರೇಕಿಲ್ಲದ ಗಾಡಿ ಓಡಿಸ್ಬೇಡಿ ಅತ್ತೆ, ಮುಟ್ಟಲೇಬೇಡಿ. ಡಿಸ್ಕ್ ತಗೊಂಡು ಈಗಲೇ ಬಂದೆ.”

ಒಲೆಯ ಮೇಲಿಟ್ಟ ಚಹಾ ಕುದಿಯುವಷ್ಟರಲ್ಲಿ ಸೊಸೆ ಏದುಸಿರು ಬಿಡುತ್ತಾ ಬಾಗಿಲಲ್ಲಿದ್ದಳು, ಎದೆಗೆ ಡಿಸ್ಕಿನ ಡಬ್ಬಿ ಅವುಚಿಕೊಂಡು.

“ಇಷ್ಟು ಬೇಗ ಹೇಗೆ ಬಂದ್ಯೇ?”

“ಚಪ್ಪಲಿ ಮೆಟ್ಕೊಂಡೇ ಕೂತಿದ್ದೆ ಅತ್ತೆ. ಡಿಸ್ಕಿನ ನೆಪ ಇಲ್ದೆ ಏನಂತ ಬರಲಿ? ನೀವಾಗಿ ಕರೆಯೋರಲ್ಲ. ‘ಸುಮ್ನೆ ಯಾಕೆ ಬಂದೆ’ ಅಂದುಬಿಟ್ರೆ?”

ಡ್ರೈವರಮ್ಮ ಅತ್ತ ತಿರುಗಿ ಚಹಾ ಸೋಸತೊಡಗಿದಳು. ಕಣ್ಣು ಮಂಜಾಗಿ ಅರ್ಧ ಚಹಾ ಲೋಟದ ಹೊರಗೇ ಹೋಯಿತು. “ಹಬೆ ಹೊಡೀತು” ಎಂದು ಸೆರಗಿನಿಂದ ಒರೆಸಿಕೊಂಡಳು.

ಸೊಸೆ ಟಿ.ವಿ. ಮುಂದೆ ಕೂತು ಲಾರಿಯನ್ನು ದೊಡ್ಡ ಇಳಿಜಾರಿನಲ್ಲಿ ಭರ್ರನೆ ಬಿಟ್ಟಳು. ಕೆಳಗಿನ ತಿರುವಿನಲ್ಲಿ ಬ್ರೇಕ್ ಒತ್ತಿದಳು. ಲಾರಿ ಬಿಳಿ ಗೆರೆಯ ಮೇಲೆ ಒಂದಿಂಚೂ ಆಚೀಚೆಯಾಗದೆ ಗಕ್ಕನೆ ನಿಂತಿತು. ಇಬ್ಬರೂ ಅದನ್ನೇ ನೋಡಿದರು.

“ಹೌದತ್ತೆ,” ಎಂದಳು ಸೊಸೆ ಗಂಭೀರವಾಗಿ. “ಸ್ವಲ್ಪ ಸಡಿಲ ಇದೆ.”

“ನಾನು ಹೇಳಲಿಲ್ವಾ? ಸುಮ್ನೆ ಹೇಳ್ತೀನಾ ನಾನು? ಹಾಕು, ಆ ಡಿಸ್ಕ್ ಹಾಕು.”

ಸೊಸೆ ಡಬ್ಬಿ ತೆರೆದಳು. ಒಳಗೆ ಡಿಸ್ಕ್ ಕೂರುವ ಗುಂಡನೆಯ ಕುಳಿ ಇತ್ತು, ಡಿಸ್ಕ್ ಇರಲಿಲ್ಲ. ಅವಳು ತಲೆ ಚಚ್ಚಿಕೊಂಡಳು. “ನನ್ನ ಬುದ್ಧಿಗಿಷ್ಟು! ಅದು ಮನೇಲಿ ಮಿಷನ್ ಒಳಗೇ ಉಳೀತು. ಬರೋ ಆತುರದಲ್ಲಿ ಖಾಲಿ ಡಬ್ಬಿ ಹಿಡ್ಕೊಂಡು ಓಡಿಬಂದಿದೀನಿ.”

ಡ್ರೈವರಮ್ಮ ಚಹಾದ ಲೋಟ ಅವಳ ಕೈಗಿಟ್ಟು, ಪಕ್ಕದಲ್ಲೇ ಒತ್ತಿಕೊಂಡು ಕೂತಳು.

“ಹೋಗಲಿ ಬಿಡು, ಮುಂದಿನ ಭಾನುವಾರ ತಾ.”

“ಅವತ್ತೂ ಮರೆತುಬಿಟ್ರೆ?”

“ಮರೆತೆ ಅಂತ ಹೇಳೋಕೆ ಬಾ.”