ಏಳುಕುದ್ರಿನವರು ನಮ್ಮನ್ನು ನೋಡಲು ಬಂದಿದ್ದರು

ರಜೆಗೆ ಹೋಗಬೇಕೆಂದರೆ ಮೊದಲು ದ್ವೀಪದವರು ನಮ್ಮನ್ನು ನೋಡಿ ಒಪ್ಪಬೇಕು. ಹಾಗಾಗಿ ಏಳುಕುದ್ರು ದ್ವೀಪಗಳ ಪರವಾಗಿ ಒಂದು ಏಡಿ ದಾವಣಗೆರೆಯ ನಮ್ಮ ಮನೆಗೆ ಬಂದು, ಸೋಫಾದ ಮೇಲೆ ಕೂತು ಕೇಸರಿಬಾತ್ ತಿನ್ನುತ್ತಿತ್ತು. ಈಗಾಗಲೇ ಮೂರು ದ್ವೀಪಗಳು ನಮ್ಮನ್ನು ಬೇಡವೆಂದಿದ್ದವು. ಮದುವೆಯಾದಾಗಿನಿಂದ ಅಮ್ಮ ಎಲ್ಲಿಗೂ ಹೋದವಳಲ್ಲ.

“ಬಂದು ಎಂತ ಮಾಡ್ತೀರಿ?” ಏಡಿ ಕೇಳಿತು.

“ಸುಮ್ನೆ ಕೂತಿರ್ತೀವಿ ಸರ್. ಪ್ಲಾಸ್ಟಿಕ್ ಮುಟ್ಟಂಗಿಲ್ಲ,” ಅಪ್ಪ ಬಾಯಿಪಾಠ ಒಪ್ಪಿಸಿದರು.

“ಹುಡುಗ?”

ನನಗೆ ತಡೆಯಲಾಗಲಿಲ್ಲ. ಕಾಲರ್ ಎತ್ತಿದೆ. “ಅಲೆ ಬರ್ತಾವೆ, ಹೋಗ್ತಾವೆ. ಆದ್ರೆ ಈ ಕೊಟ್ರೇಶ ಕಾಲಿಟ್ಟ ಅಂದ್ರೆ ಸಮುದ್ರಾನೇ ಸೈಡ್ ಕೊಡ್ಬೇಕು!”

ಅಪ್ಪ ಹಣೆ ಚಚ್ಚಿಕೊಂಡರು. ಏಡಿ ನಗಲಿಲ್ಲ, ಅಮ್ಮನ ಕಡೆ ತಿರುಗಿತು. “ನಿಮಗೆ ಎಂತಾದ್ರೂ ಕೇಳ್ಲಿಕ್ಕುಂಟಾ ಅಮ್ಮ?”

“ಅಲ್ಲಿ ಅಡಿಗೆ ಯಾರು ಮಾಡ್ತಾರೆ?”

“ನಾವೇ.”

“ಪಾತ್ರೆ?”

“ಅದೂ ನಾವೇ.”

ಅಮ್ಮನ ಮುಖ ನೋಡಿದ ಏಡಿ, ಊರಿಗೆ ಹೋಗಿ ತಿಳಿಸುತ್ತೇವೆ ಎನ್ನದೆ ಅಲ್ಲೇ ಮಾತು ಮುಗಿಸಿತು. “ಇವರೊಬ್ರು ಸಾಕು ನಮ್ಗೆ.”

“ಹಂಗಾದ್ರೆ ನಮ್ಮ ಊಟ?” ಅಪ್ಪ ಕಂಗಾಲಾದರು.

ಅಮ್ಮ ಆಗಲೇ ಚಪ್ಪಲಿ ಮೆಟ್ಟಿದ್ದಳು. “ಅಕ್ಕಿ ಡಬ್ಬದಾಗೆ ಐತ್ರಿ,” ಎಂದಳು, “ನೀರು ನಲ್ಲಿ ತಿರುವಿದ್ರೆ ಬರುತ್ತೆ.”