ಶಿಯಾನ್ ಕೋಟೆಗೋಡೆಯ ಮೇಲೆ

ಹುರಿದ ಚೆಸ್ಟ್‌ನಟ್ ವಾಸನೆ ಬಂದರೆ ಈಗಲೂ ನಾವು ನೆಲೆಸಿದ್ದ ಪರದೇಶದ ಊರು ಸುಬಾಂಗ್ ಜಯಾದ ನಮ್ಮ ಫ್ಲಾಟಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಚೀನಾದ ಹಳೆಯ ನಗರ ಶಿಯಾನ್‌ಗೆ ಹೋಗಿ ಅಲ್ಲಿನ ಕೋಟೆಗೋಡೆಯ ಮೇಲೆ ನಡೆಯಬೇಕೆಂದು ಅಮ್ಮನಿಗೆ ಆಸೆಯಿತ್ತು. ಟಿಕೆಟ್ಟೂ ಆಗಿತ್ತು. ಅಷ್ಟರಲ್ಲಿ ಲಾಕ್‌ಡೌನ್ ಬಂತು. ಮರುವರ್ಷ ಕೋವಿಡ್ ತಗುಲಿ ಅಮ್ಮ ಆಸ್ಪತ್ರೆ ಸೇರಿದಳು. ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ.

ಆ ದಿನ ಅಪ್ಪ ಬಾಣಲೆಯಲ್ಲಿ ಚೆಸ್ಟ್‌ನಟ್ ಹುರಿದು, "ಶಿಯಾನ್‌ನಲ್ಲಿ ಎಲ್ರೂ ಇದನ್ನೇ ತಿಂತಾ ಓಡಾಡ್ತಾರಂತೆ" ಎಂದು ನನ್ನ ಕೈಗಿಟ್ಟರು. ಬಿಸಿ ಸಿಪ್ಪೆ ಉಗುರಿನ ಸಂದಿಯಲ್ಲಿ ಚುಚ್ಚುತ್ತಿತ್ತು. ಯಾರೋ ಆ ಗೋಡೆಯ ಮೇಲೆ ನಡೆಯುತ್ತ ತೆಗೆದ ವಿಡಿಯೋವನ್ನು ಅಪ್ಪ ಟಿವಿಯಲ್ಲಿ ಹಾಕಿ, ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ಟಿವಿಯತ್ತ ಹಿಡಿದರು. ಬೂದು ಇಟ್ಟಿಗೆಗಳು ಮುಗಿಯುವಂತೆಯೇ ಕಾಣಲಿಲ್ಲ.

"ಫಾಸ್ಟ್ ಫಾರ್ವರ್ಡ್ ಲಾ, ಅಪ್ಪಾ" ಎಂದೆ, ನಮ್ಮೂರಿನ ಗೆಳತಿಯರಂತೆ ಮಾತಿಗೊಂದು 'ಲಾ' ಸೇರಿಸಿ.

"ಬೇಡ ಪುಟ್ಟಿ, ನಿಧಾನಕ್ಕೆ ಹೋಗೋಣ. ನಂಗೆ ಏದುಸಿರು ಬರುತ್ತೆ" ಎಂದಳು ಅಮ್ಮ, ಆಕ್ಸಿಜನ್ ಮಾಸ್ಕಿನೊಳಗಿಂದ. ಸ್ವಲ್ಪ ಹೊತ್ತಾದ ಮೇಲೆ, "ಇಲ್ಲೇ ಕೂತ್ಕೊಳ್ಳೋಣ ರೀ. ಮಿಕ್ಕಿದ್ದು ನಾಳೆ ನೋಡೋಣ" ಎಂದಳು.

ಅಪ್ಪ ವಿಡಿಯೋವನ್ನು ಅಲ್ಲೇ ನಿಲ್ಲಿಸಿದರು.

ಮರುದಿನ ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು. ಅಮ್ಮ ಹೋಗಿಬಿಟ್ಟಿದ್ದಳು. ಟಿವಿಯಲ್ಲಿ ಆ ಗೋಡೆ ಹಾಗೇ ನಿಂತಿತ್ತು. ಅಪ್ಪ ಬಹಳ ಹೊತ್ತು ಅದರ ಮುಂದೆ ಕೂತಿದ್ದು, ಕೊನೆಗೆ ರಿಮೋಟನ್ನು ನನ್ನ ಕೈಗೆ ಕೊಟ್ಟರು.

"ನೀನೇ ಆಫ್ ಮಾಡು ಪುಟ್ಟಿ. ನನ್ ಕೈಲಾಗ್ತಿಲ್ಲ."