ಹಡಗಿನಲ್ಲಿ ಎರಡು ರೂಮು

"ನಿಮ್ಮಪ್ಪಂಗೆ ಹೇಳು, ಕುಣಿಗಲ್ ಕೆರೆ ಏರಿ ಮೇಲೆ ನಿಂತ್ರೇ ನಂಗೆ ತಲೆ ತಿರುಗುತ್ತೆ, ಇನ್ನು ಹಡಗು ಬೇರೆ," ಎಂದಳು ನೇತ್ರಾವತಿ, ಕಿರಿಯ ಮಗಳು ಮಾನಸಾಳಿಗೆ. ನಿಮ್ಮಪ್ಪ, ಅಂದರೆ ಗಂಗಾಧರ್, ಮಾತೆಲ್ಲ ಕೇಳಿಸುವಷ್ಟು ಹತ್ತಿರದಲ್ಲೇ ಕೂತಿದ್ದ. ಆದರೂ ಮಾನಸಾ ಅವನ ಕಡೆ ತಿರುಗಿ, "ಅಮ್ಮಂಗೆ ತಲೆ ತಿರುಗುತ್ತಂತೆ," ಎಂದಳು. "ಅದಕ್ಕೆ ಮಾತ್ರೆ ಬರುತ್ತೆ ಅಂತ ಹೇಳು," ಎಂದ ಗಂಗಾಧರ್. ಮಾನಸಾ ಈ ಕಡೆ ತಿರುಗಿ ಅದನ್ನೂ ಹೇಳಿದಳು. ಮೇಜಿನಾಚೆ ಕೂತಿದ್ದ ಟ್ರಾವೆಲ್ಸ್‌ನ ತಿಮ್ಮೇಶ್, ಮೇಡಮ್‌ಗೆ ಕಿವಿ ಸ್ವಲ್ಪ ಮಂದ ಇರಬೇಕು ಅಂದುಕೊಂಡು ಜೋರಾಗಿ ಮಾತಾಡತೊಡಗಿದ.

ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಪೂರೈಸಿದ್ದಕ್ಕೆ ಗಂಗಾಧರ್‌ಗೆ ಕಂಪನಿ ಸಂಸಾರ ಸಮೇತ ನಾಲ್ಕು ದಿನದ ಹಡಗು ಪ್ರವಾಸ ಕೊಟ್ಟಿತ್ತು. ಯಾವ ಹಡಗು ಅನ್ನುವುದನ್ನು ಮನೆಯವರು ಆರಿಸಿಕೊಳ್ಳಬೇಕಿತ್ತು. ಹಾಗಾಗಿ ಭಾನುವಾರ ಬೆಳಿಗ್ಗೆ ನಾಲ್ವರೂ ತುಮಕೂರಿನ ಬಿ.ಎಚ್. ರಸ್ತೆಯ ಈ ಆಫೀಸಿಗೆ ಬಂದಿದ್ದರು. ಗಂಡ ಹೆಂಡತಿ ನೇರವಾಗಿ ಮಾತಾಡಿ ಎಂಟು ತಿಂಗಳಾಗಿತ್ತು. ಗುಬ್ಬಿಯ ಹೈಸ್ಕೂಲಿನಲ್ಲಿ ಟೀಚರಾಗಿದ್ದ ನೇತ್ರಾವತಿಗೆ ಕೊತ್ತಗೆರೆಯಲ್ಲಿ ಹೆಡ್ ಮಿಸ್ ಆಗುವ ಅವಕಾಶ ಬಂದಿತ್ತು. ಅವತ್ತೇ ಒಪ್ಪಿಗೆ ಬರೆದುಕೊಡಬೇಕು ಎಂದು ಅವಳ ಶಾಲೆಯ ಶಿವರಾಮಯ್ಯ ಮೇಷ್ಟ್ರು ಫೋನ್ ಮಾಡಿದಾಗ ಅವಳು ಸ್ನಾನಕ್ಕೆ ಹೋಗಿದ್ದಳು. ಫೋನ್ ಎತ್ತಿದ ಗಂಗಾಧರ್, "ಅಷ್ಟು ದೂರ ಎಲ್ಲಿ ಹೋಗ್ತಾಳೆ, ಬಿಡಿ ಸಾರ್," ಎಂದು ಇಟ್ಟುಬಿಟ್ಟಿದ್ದ. ಹೆಂಡತಿಗೆ ಹೇಳುವುದನ್ನೂ ಮರೆತಿದ್ದ. ನಾಲ್ಕು ದಿನದ ಮೇಲೆ ಆ ಕುರ್ಚಿಯಲ್ಲಿ ಬೇರೆಯವರು ಕೂತರು.

"ಸಾರ್, ವಯಸ್ಸಿಗೆ ಬಂದ ಮಕ್ಕಳಿರೋ ಫ್ಯಾಮಿಲಿಗೆ ಎರಡು ಕಂಪನಿ ಇದಾವೆ," ಎಂದ ತಿಮ್ಮೇಶ್, ಒಂದು ಬಿಳಿ ಹಡಗಿನ ಚಿತ್ರವನ್ನೂ ಒಂದು ನೀಲಿ ಹಡಗಿನ ಚಿತ್ರವನ್ನೂ ಮುಂದಿಡುತ್ತಾ. "ಬಿಳಿ ಹಡಗಿನೋರು ಸ್ಟ್ರಿಕ್ಟು. ಹದಿನೆಂಟು ತುಂಬದೋರು ಇದ್ರೆ ಅವರ ರೂಮಲ್ಲಿ ಒಬ್ಬರು ದೊಡ್ಡೋರು ಇರಲೇಬೇಕು. ರೂಮಿಗೆ ಇಬ್ರೇ, ಅಲ್ಲಿಗೆ ಸಾರ್ ಜೊತೆ ಒಬ್ಬಳು, ಮೇಡಮ್ ಜೊತೆ ಒಬ್ಬಳು. ನೀಲಿಯೋರು ಹಂಗಲ್ಲ. ನೀವಿಬ್ರು ಒಂದು ರೂಮು, ಮಕ್ಕಳಿಬ್ರು ಪಕ್ಕದ ರೂಮು, ನಡುವೆ ಬಾಗಿಲು."

"ಬಿಳೀದು," ಎಂದ ಗಂಗಾಧರ್.

"ಬಿಳೀದೇ ಅಂತ ಹೇಳು," ಎಂದಳು ನೇತ್ರಾವತಿ.

ಎಂಟು ತಿಂಗಳಲ್ಲಿ ಇಬ್ಬರೂ ಒಂದು ವಿಷಯವನ್ನು ಒಪ್ಪಿದ್ದು ಅದೇ ಮೊದಲು. ತಿಮ್ಮೇಶ್ ಅರ್ಜಿ ಎಳೆದುಕೊಂಡು ಹೆಸರು ಬರೆಯಲು ಶುರುಮಾಡಿದ.

"ಬಿಳೀದಾದ್ರೆ ನಾವು ಬರಲ್ಲ," ಎಂದಳು ದೊಡ್ಡವಳು ಭಾನುಪ್ರಿಯಾ. ಪಿಯುಸಿ ಓದುವ ಹುಡುಗಿ, ಅಲ್ಲಿಯತನಕ ಬಾಯಿ ತೆರೆದಿರಲಿಲ್ಲ. "ಇವಳು ನಿಮ್ ರೂಮಲ್ಲಿ, ನಾನು ಅಮ್ಮನ ರೂಮಲ್ಲಿ. ನಾಲ್ಕು ದಿನವೂ ಆ ರೂಮಿಂದ ಈ ರೂಮಿಗೆ ಸುದ್ದಿ ಸಾಗ್ಸೋದೇ ಆಗುತ್ತೆ. ಅದನ್ನ ಮನೇಲೇ ಮಾಡ್ತಿದೀವಲ್ಲ. ಸಮುದ್ರಕ್ಕೆ ಯಾಕೆ ಹೋಗ್ಬೇಕು?"

"ನೀಲಿ ಹಡಗಲ್ಲಿ ಈ ವಯಸ್ಸಿನ ಮಕ್ಕಳಿಗೇ ಅಂತ ಕ್ಲಬ್ ಇದೆ," ಎಂದು ತಿಮ್ಮೇಶ್ ನಡುವೆ ಬಾಯಿ ಹಾಕಿದ. "ತಿಂಡಿ ಆದ್ಮೇಲೆ ಹೋದ್ರೆ ಸಾಯಂಕಾಲದವರೆಗೂ ಅಲ್ಲೇ. ಊಟವೂ ಅಲ್ಲೇ. ಅಪ್ಪ ಅಮ್ಮಂದಿರಿಗೆ ಪ್ರವೇಶ ಇಲ್ಲ."

"ಅದೇ ಬೇಕು ನಮಗೆ," ಎಂದಳು ಭಾನುಪ್ರಿಯಾ.

"ಮತ್ತೆ ನಾವೇನ್ ಮಾಡ್ಬೇಕಂತೆ ಅಲ್ಲಿವರೆಗೂ?" ಎಂದು ಗಂಗಾಧರ್ ಮಾನಸಾಳನ್ನು ಕೇಳಿದ.

ಮಾನಸಾ ಅದನ್ನು ಯಾರಿಗೂ ದಾಟಿಸಲಿಲ್ಲ. ತೊಡೆಯ ಮೇಲಿದ್ದ ಕೈಯನ್ನೇ ನೋಡುತ್ತಾ, "ನೀವು ಹೇಳಿದ್ದೆಲ್ಲ ನಾನು ಹೇಳಿಲ್ಲ," ಎಂದಳು. ಎಲ್ಲರೂ ಅವಳ ಕಡೆ ನೋಡಿದರು. "ಇಬ್ರೂ ಹೇಳಿ ಕಳ್ಸಿದ್ದನ್ನ ಅರ್ಧ ಕಮ್ಮಿ ಮಾಡ್ತಿದ್ದೆ. ಜಗಳ ಜಾಸ್ತಿ ಆಗುತ್ತೆ ಅಂತ. ಇನ್ನೊಂದಿದೆ. ಯುಗಾದಿ ದಿನ ಅಪ್ಪ ಹಿತ್ಲಲ್ಲಿ ಕರ್ದು, ನಂದು ತಪ್ಪಾಯ್ತು ಅಂತ ನಿಮ್ಮಮ್ಮಂಗೆ ಹೇಳು ಅಂದ್ರು. ಅದನ್ನ ಹೇಳ್ಲೇ ಇಲ್ಲ."

"ಯಾಕೆ?" ಎಂದಳು ನೇತ್ರಾವತಿ.

"ಗ್ಯಾಸ್ ಮುಗ್ದಿದೆ, ಹಾಲು ತರ್ಬೇಕು, ಅದೆಲ್ಲ ಹೇಳ್ತೀನಿ. ಅದನ್ನ ನಾನ್ಯಾಕಮ್ಮ ಹೇಳ್ಬೇಕು?"

ತಿಮ್ಮೇಶನ ಪೆನ್ನು ನಿಂತಿತ್ತು. ಗಂಗಾಧರ್ ಬಿಳಿ ಹಡಗಿನ ಚಿತ್ರವನ್ನು ಎತ್ತಿ ನೋಡಿದ, ಮತ್ತೆ ಇಟ್ಟ. ಯುಗಾದಿಯಿಂದ ಈಚೆಗೆ ಅವನಿಗೂ ಹೆಂಡತಿಯ ಮೇಲೆ ಸಿಟ್ಟಿತ್ತು. ತಪ್ಪೊಪ್ಪಿಕೊಂಡ ಮೇಲೂ ಇಷ್ಟು ಹಟವೇ ಎಂದುಕೊಂಡಿದ್ದ. ನೇತ್ರಾವತಿ, ಒಂದು ಮಾತು ಆಡಲು ಈ ಮನುಷ್ಯನಿಗೆ ಇಷ್ಟು ತಿಂಗಳು ಬೇಕೇ ಎಂದುಕೊಂಡಿದ್ದಳು.

"ನಮಗೆ ಬಾಯಾರಿಕೆ," ಎಂದು ಭಾನುಪ್ರಿಯಾ ತಂಗಿಯ ಕೈ ಹಿಡಿದು ಎಬ್ಬಿಸಿ ಹೊರಗೆ ಕರೆದುಕೊಂಡು ಹೋದಳು. ಗಂಗಾಧರ್ ಅಭ್ಯಾಸಬಲದಿಂದ ಮಾನಸಾ ಕೂತಿದ್ದ ಕಡೆ ತಿರುಗಿದ. ಅಲ್ಲಿ ಎರಡು ಖಾಲಿ ಕುರ್ಚಿಗಳಿದ್ದವು, ಆಚೆಗೆ ನೇತ್ರಾವತಿ ಇದ್ದಳು. ಅವನು ಗಂಟಲು ಸರಿಮಾಡಿಕೊಂಡು ಏನೋ ಅಂದ. ಫ್ಯಾನಿನ ಸದ್ದಿಗೆ ಅದು ತಿಮ್ಮೇಶನಿಗೂ ತಿಳಿಯಲಿಲ್ಲ.

"ಕೇಳಿಸ್ಲಿಲ್ಲ," ಎಂದಳು ನೇತ್ರಾವತಿ, ಗಂಡನನ್ನೇ ನೋಡುತ್ತಾ.

ಗಂಗಾಧರ್ ಎದ್ದು, ಒಂದು ಕುರ್ಚಿ ಈಚೆಗೆ ಬಂದು ಕೂತ. ಇನ್ನೊಂದು ಉಳಿದಿತ್ತು. ಮಕ್ಕಳು ಎದ್ದುಹೋದ ಮೇಲೆ ನೇತ್ರಾವತಿ ಅದರ ಮೇಲೆ ತನ್ನ ಬ್ಯಾಗು ಇಟ್ಟಿದ್ದಳು. ಅವಳು ಅದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.